ಥೈರಾಯ್ಡ್ ವರದಿ ಸರಿಯಾಗಿದೆ, ಕಣ್ಣು ಏಕೆ ಇಳಿದಿಲ್ಲ?

ಪ್ರಶ್ನೆ: ನನಗೆ 43 ವರ್ಷ. ಗೋಣಿಕೊಪ್ಪಲಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕಳೆದ ಡಿಸೆಂಬರಿನಲ್ಲಿ ಕೊಯ್ಲು ಶುರುವಾದ ಹೊತ್ತಿಗೆ ಎದೆ ಬಡಿತ, ಕೈ ನಡುಕ ಕಾಣಿಸಿಕೊಂಡು, ಊಟ ಮಾಡಿದರೂ ತೂಕ ಇಳಿಯತೊಡಗಿತು. ಥೈರಾಯ್ಡ್ ಹೆಚ್ಚಾಗಿದೆ ಎಂದು ಕಾರ್ಬಿಮಝೋಲ್ ಮಾತ್ರೆ ಕೊಟ್ಟರು. ಈಗ ಹತ್ತು ತಿಂಗಳಾಗಿ ರಕ್ತದ ವರದಿ ಸರಿಯಾಗಿದೆ. ಆದರೆ ಮಾರ್ಚ್‌ನಿಂದ ಕಣ್ಣುಗುಡ್ಡೆ ಮುಂದೆ ಬಂದಿದೆ, ಬೆಳಿಗ್ಗೆ ರೆಪ್ಪೆ ಊದಿರುತ್ತದೆ, ಕಣ್ಣು ಕೆಂಪಾಗಿ ಹೊರಳಿಸಿದರೆ ನೋಯುತ್ತದೆ. ಮೆಣಸಿನ ಬಳ್ಳಿ ನೋಡಲು ಕತ್ತೆತ್ತಿದರೆ ಒಂದು ಎರಡಾಗಿ ಕಾಣುತ್ತದೆ. ಒಬ್ಬರು ರೇಡಿಯೋ ಅಯೋಡಿನ್ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಆಪರೇಷನ್ ಎನ್ನುತ್ತಾರೆ, ಮತ್ತೊಬ್ಬರು ಅಯೋಡಿನ್ ಉಪ್ಪು ಬಿಡಿ ಎನ್ನುತ್ತಾರೆ. ನಮ್ಮ ಯಜಮಾನರು ಸಿಗರೇಟು ಸೇದುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಬರುವ ಏಪ್ರಿಲ್‌ನಲ್ಲಿ ಮಗಳ ಮದುವೆ. ಅಷ್ಟರೊಳಗೆ ಮುಖ ಮೊದಲಿನಂತಾಗುತ್ತದೆಯೇ, ಡಾಕ್ಟರೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ. ಥೈರಾಯ್ಡ್ ಹತೋಟಿಗೆ ಬಂದ ಮೇಲೂ ಕಣ್ಣು ಏಕೆ ಇಳಿಯಲಿಲ್ಲ ಎಂಬುದು ಅರ್ಥವಾದರೆ ಯಾವ ಚಿಕಿತ್ಸೆ ಈಗ ಬೇಕು, ಯಾವುದು ಈಗ ಬೇಡ ಎಂಬುದೂ ತಿಳಿಯುತ್ತದೆ. ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ನಿಮಗಿರುವ ಲಕ್ಷಣಗಳನ್ನು ನೋಡಿದರೆ ಇದು ಬಹುಮಟ್ಟಿಗೆ ಗ್ರೇವ್ಸ್ ಕಾಯಿಲೆ. ಡಬ್ಲಿನ್‌ನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು ಬಂತು. 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೊ ಗಂಟಲಿನ ಊತ, ಎದೆ ಬಡಿತ, ಮುಂದೆ ಬಂದ ಕಣ್ಣು ಎಂಬ ಮೂರು ಲಕ್ಷಣಗಳನ್ನು ಒಟ್ಟಾಗಿ ಗುರುತಿಸಿದರು. ಇಲ್ಲಿ ಮೂಲ ತಪ್ಪು ಥೈರಾಯ್ಡ್ ಗ್ರಂಥಿಯದಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯದು. ಆ ವ್ಯವಸ್ಥೆಯು ಥೈರಾಯ್ಡ್ ಜೀವಕೋಶಗಳ ಮೇಲಿರುವ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಗ್ರಾಹಕದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಈ ಪ್ರತಿಕಾಯಗಳು ಗ್ರಂಥಿಯನ್ನು ಎಡೆಬಿಡದೆ ಕೆರಳಿಸುವುದರಿಂದ ಹಾರ್ಮೋನು ಹೆಚ್ಚಾಗುತ್ತದೆ. ಅದೇ ಗ್ರಾಹಕವು ಕಣ್ಣುಗುಡ್ಡೆಯ ಹಿಂದಿನ ಕೊಬ್ಬಿನಲ್ಲಿಯೂ ಸ್ನಾಯುಗಳ ನಡುವಿನ ಜೀವಕೋಶಗಳಲ್ಲಿಯೂ ಇರುವುದರಿಂದ ದಾಳಿ ಅಲ್ಲಿಗೂ ಹಬ್ಬುತ್ತದೆ. ಆ ಜೀವಕೋಶಗಳು ನೀರು ಹೀರಿಕೊಳ್ಳುವ ಒಂದು ಬಗೆಯ ಲೋಳೆಯನ್ನು ಸುರಿಸುತ್ತವೆ, ಕೊಬ್ಬು ಬೆಳೆಯುತ್ತದೆ, ಕಣ್ಣನ್ನು ಹೊರಳಿಸುವ ಸ್ನಾಯುಗಳು ದಪ್ಪವಾಗುತ್ತವೆ. ಕಣ್ಣಿನ ಗೂಡು ಸುತ್ತಲೂ ಮೂಳೆಯದು, ಹಿಗ್ಗಲಾರದು. ಒಳಗೆ ಜಾಗ ಸಾಲದಾದಾಗ ಗುಡ್ಡೆಗೆ ಉಳಿಯುವ ದಾರಿ ಮುಂದಕ್ಕೆ ಮಾತ್ರ.

ನೀವು ನುಂಗುವ ಕಾರ್ಬಿಮಝೋಲ್ ಗ್ರಂಥಿಯಲ್ಲಿ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ. ರಕ್ತದ ವರದಿ ಅಳೆಯುವುದು ಆ ಹಾರ್ಮೋನನ್ನು. ಕಣ್ಣಿನ ಹಿಂದೆ ನಡೆಯುತ್ತಿರುವ ಉರಿಯೂತದ ಲೆಕ್ಕ ಆ ವರದಿಯಲ್ಲಿ ಇರುವುದಿಲ್ಲ. ಕಾಯಿಲೆ ಒಂದೇ ಆದರೂ ಗಂಟಲು ಮತ್ತು ಕಣ್ಣು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಥೈರಾಯ್ಡ್ ವರದಿ ಎಂದೂ ಕೆಡದವರಲ್ಲಿಯೂ ಈ ಕಣ್ಣಿನ ತೊಂದರೆ ಬರುವುದುಂಟು. ಹಾಗೆಂದು ವರದಿ ಮುಖ್ಯವಲ್ಲವೆಂದು ಭಾವಿಸಬೇಡಿ. ಹಾರ್ಮೋನು ಹೆಚ್ಚಾದರೂ ಕಣ್ಣಿಗೆ ಕೆಡುಕು, ಮಾತ್ರೆ ಮಿತಿಮೀರಿ ಹಾರ್ಮೋನು ತೀರಾ ಇಳಿದುಹೋದರೂ ಕಣ್ಣಿಗೆ ಕೆಡುಕು. ಆದ್ದರಿಂದ ವರದಿ ಸರಿಯಾಯಿತೆಂದು ಪರೀಕ್ಷೆಯನ್ನು ಆರು ತಿಂಗಳು ಮುಂದೆ ಹಾಕದೆ, ಕಣ್ಣಿನ ಉರಿಯೂತ ಇರುವಷ್ಟು ಕಾಲ ನಾಲ್ಕರಿಂದ ಆರು ವಾರಗಳಿಗೊಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕಾರ್ಬಿಮಝೋಲ್ ತೆಗೆದುಕೊಳ್ಳುವವರೆಲ್ಲರಿಗೂ ಹೇಳಲೇಬೇಕಾದ ಇನ್ನೊಂದು ಮಾತಿದೆ. ಜ್ವರದ ಜೊತೆ ಗಂಟಲು ನೋವು ಅಥವಾ ಬಾಯಿಹುಣ್ಣು ಬಂದರೆ, ಅದು ಮಳೆಗಾಲದ ಶೀತವೆಂದು ತಳ್ಳಿಹಾಕದೆ, ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತದ ಬಿಳಿಕಣಗಳ ಪರೀಕ್ಷೆ ಮಾಡಿಸಬೇಕು. ಬಿಳಿಕಣಗಳು ದಿಢೀರನೆ ಕುಸಿಯುವುದು ಈ ಔಷಧದ ಅಪರೂಪದ, ಆದರೆ ಪ್ರಾಣಕ್ಕೇ ಎರವಾಗಬಲ್ಲ ದುಷ್ಪರಿಣಾಮ.

ಈಗ ಮುಖ್ಯ ವಿಷಯ. ಈ ಕಣ್ಣಿನ ಕಾಯಿಲೆಗೆ ತನ್ನದೇ ಆದ ಏರಿಳಿತವಿದೆ. ಫ್ರಾನ್ಸಿಸ್ ರಂಡಲ್ ಎಂಬ ವೈದ್ಯರು 1945ರಲ್ಲಿ ಇದನ್ನು ಗುರುತಿಸಿದರು, ಅವರ ಹೆಸರಿನ ರೇಖೆಯನ್ನು ಇಂದಿಗೂ ಬಳಸುತ್ತೇವೆ. ಮೊದಲ ಕೆಲವು ತಿಂಗಳು ಉರಿಯೂತ ಏರುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಇಳಿದು ತಣ್ಣಗಾಗುತ್ತದೆ. ಹೀಗೆ ತಣಿಯಲು ಹೆಚ್ಚಿನವರಲ್ಲಿ ಒಂದರಿಂದ ಎರಡು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ಆದರೆ ಇಳಿದ ರೇಖೆಯು ಹೊರಟ ಜಾಗಕ್ಕೆ ಪೂರ್ತಿಯಾಗಿ ಮರಳುವುದಿಲ್ಲ. ಕೆಂಪು, ನೋವು, ಬೆಳಗಿನ ಊತ ಹೋಗುತ್ತವೆ, ಆದರೆ ಬೆಳೆದ ಕೊಬ್ಬು ಕರಗದೆ ಉಳಿಯಬಹುದು, ಊದಿದ್ದ ಸ್ನಾಯು ಗಾಯ ಮಾಗಿದ ಚರ್ಮದಂತೆ ಬಿಗಿಯಾಗಿ ಉಳಿಯಬಹುದು. ಉರಿ ಇರುವ ಕಾಲದಲ್ಲಿ ಉರಿಯನ್ನು ತಗ್ಗಿಸುವ ಔಷಧ ಕೆಲಸ ಮಾಡುತ್ತದೆ. ಉರಿ ಆರಿದ ಮೇಲೆ ಅದೇ ಔಷಧವನ್ನು ಎಷ್ಟು ಕೊಟ್ಟರೂ ಪ್ರಯೋಜನ ಅಲ್ಪ, ಆಗ ಶಸ್ತ್ರಚಿಕಿತ್ಸೆಯ ಸರದಿ. ಈ ಎರಡು ಕಾಲಗಳನ್ನು ಅದಲುಬದಲು ಮಾಡಿದ್ದರಿಂದ ಕಷ್ಟಪಟ್ಟವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಲರ್ಜಿ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಹನಿ ಔಷಧ ಹಾಕಿಕೊಂಡು, ಔಷಧಕ್ಕೆ ಬಗ್ಗುವ ಕಾಲವೆಲ್ಲ ಕಳೆದುಹೋದ ಮೇಲೆ ಬಂದವರನ್ನು ಕಂಡಾಗ ಮನಸ್ಸಿಗೆ ನಿಜವಾಗಿಯೂ ನೋವಾಗುತ್ತದೆ.

ನಿಮ್ಮದು ಯಾವ ಕಾಲ? ಉರಿಯೂತ ಸಕ್ರಿಯವಾಗಿದೆಯೇ ಎಂದು ತಿಳಿಯಲು ನಾವು ಏಳು ಲಕ್ಷಣಗಳನ್ನು ಎಣಿಸುತ್ತೇವೆ: ಸುಮ್ಮನಿದ್ದಾಗಲೂ ಕಣ್ಣಿನ ಹಿಂದೆ ನೋವು, ಕಣ್ಣು ಹೊರಳಿಸಿದಾಗ ನೋವು, ರೆಪ್ಪೆಯ ಊತ, ರೆಪ್ಪೆಯ ಕೆಂಪು, ಬಿಳಿಗುಡ್ಡೆಯ ಕೆಂಪು, ಅದರ ಮೇಲಿನ ತೆಳುಪೊರೆಯ ಊತ, ಮೂಗಿನ ಬದಿಯ ಮೂಲೆಯಲ್ಲಿರುವ ಗುಲಾಬಿ ಗಂಟಿನ ಊತ. ಮೂರು ಅಥವಾ ಹೆಚ್ಚು ಇದ್ದರೆ ಸಕ್ರಿಯ ಎಂದು ಪರಿಗಣಿಸುತ್ತೇವೆ. ನಿಮ್ಮ ಪತ್ರದಲ್ಲಿಯೇ ಮೂರು ಇವೆ. ಜೊತೆಗೆ, ಮೇಲೆ ನೋಡಿದಾಗ ಎರಡಾಗಿ ಕಾಣುವುದು ಕಣ್ಣಿನ ಕೆಳಭಾಗದ ಸ್ನಾಯು ಬಿಗಿದಿರುವುದರ ಗುರುತು. ಈ ಕಾಯಿಲೆಯಲ್ಲಿ ಅತಿ ಹೆಚ್ಚಾಗಿ ಹಿಡಿದುಕೊಳ್ಳುವುದು ಆ ಸ್ನಾಯುವೇ. ಕೆಳಗಿನ ಸ್ನಾಯು ಸಡಿಲವಾಗದೆ ಕಣ್ಣು ಮೇಲೇರಲಾರದು. ಆದ್ದರಿಂದ, ಪತ್ರ ನೋಡಿ ಹೇಳುವುದು ನೇರ ಪರೀಕ್ಷೆಗೆ ಬದಲಿಯಲ್ಲವಾದರೂ, ನಿಮ್ಮದು ಇನ್ನೂ ಉರಿಯುತ್ತಿರುವ, ಮಧ್ಯಮ ತೀವ್ರತೆಯ ಸ್ಥಿತಿ ಎಂದು ನನಗೆ ತೋರುತ್ತದೆ. ಏಳು ತಿಂಗಳಷ್ಟೇ ಆಗಿರುವುದರಿಂದ ಔಷಧ ಕೆಲಸ ಮಾಡುವ ಕಾಲದಲ್ಲಿಯೇ ನೀವು ಇದ್ದೀರಿ. ತಡಮಾಡಬೇಡಿ ಎಂದು ಒತ್ತಿ ಹೇಳುವುದು ಅದಕ್ಕೇ.

ಈ ಸ್ಥಿತಿಗೆ ಈಗ ಸಾಮಾನ್ಯವಾಗಿ ಮೊದಲ ಆಯ್ಕೆ ರಕ್ತನಾಳದ ಮೂಲಕ ಕೊಡುವ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ಆರು ವಾರ, ಆಮೇಲೆ 250 ಮಿಲಿಗ್ರಾಂನಂತೆ ಆರು ವಾರ, ಒಟ್ಟು 4.5 ಗ್ರಾಂ ಕೊಡುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಕೆಲವೊಮ್ಮೆ ಇದರ ಜೊತೆಗೆ ಮೈಕೊಫೆನೊಲೇಟ್ ಮಾತ್ರೆಯನ್ನೂ ಸೇರಿಸುತ್ತಾರೆ. ದಿನವೂ ನುಂಗುವ ಸ್ಟೀರಾಯ್ಡ್ ಮಾತ್ರೆಗಿಂತ ವಾರದ ಡ್ರಿಪ್ ಹೆಚ್ಚು ಪರಿಣಾಮಕಾರಿ, ದುಷ್ಪರಿಣಾಮವೂ ಕಡಿಮೆ. ಆದರೂ ಇದು ಹಗುರವಾಗಿ ಕೊಡುವ ಔಷಧವಲ್ಲ. ಮೊದಲು ಯಕೃತ್ತಿನ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ, ಸಕ್ಕರೆ, ರಕ್ತದೊತ್ತಡ, ಹೃದಯ, ಕ್ಷಯದ ಸೋಂಕು ಇಷ್ಟನ್ನೂ ನೋಡಿಕೊಂಡು, ಪ್ರತಿ ಸಲವೂ ನಿಗಾ ಇಟ್ಟು ಕೊಡಬೇಕು.

ಹನ್ನೆರಡು ವಾರ ಹುಣಸೂರು ದಾರಿಯಾಗಿ ಮೈಸೂರಿಗೆ ಹೋಗಿಬರುವುದು, ಅದೂ ಕೊಯ್ಲು ಶುರುವಾಗುವ ಹೊತ್ತಿನಲ್ಲಿ, ತೋಟದ ಮನೆಯವರಿಗೆ ಸುಲಭವಲ್ಲವೆಂದು ಬಲ್ಲೆ. ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಹಾರ್ಮೋನು ತಜ್ಞರೂ ಕಣ್ಣಿನ ಗೂಡಿನ ಚಿಕಿತ್ಸೆಯಲ್ಲಿ ಪಳಗಿದ ನೇತ್ರತಜ್ಞರೂ ಸೇರಿ ಒಮ್ಮೆ ಯೋಜನೆ ಹಾಕಿಕೊಟ್ಟರೆ, ಆ ಪತ್ರವನ್ನು ತೋರಿಸಿ ವಾರದ ಡ್ರಿಪ್ಪನ್ನು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಪಡೆಯಲು ಸಾಧ್ಯವೇ ಎಂದು ಎರಡೂ ಕಡೆ ಕೇಳಿ. ಆರನೆಯ ವಾರಕ್ಕೊಮ್ಮೆ, ಹನ್ನೆರಡನೆಯ ವಾರಕ್ಕೊಮ್ಮೆ ತಜ್ಞರ ಬಳಿಗೆ ಹೋಗಲೇಬೇಕು, ಏಕೆಂದರೆ ಅರ್ಧ ದಾರಿಯಲ್ಲಿ ಏನೂ ಗುಣ ಕಾಣದಿದ್ದರೆ ಚಿಕಿತ್ಸೆಯನ್ನು ಬದಲಿಸಬೇಕಾಗುತ್ತದೆ. ಬದಲಿ ದಾರಿಗಳಿವೆ: ಕಣ್ಣಿನ ಗೂಡಿಗೆ ಸಣ್ಣ ಪ್ರಮಾಣದ ವಿಕಿರಣ, ಟೊಸಿಲಿಝುಮಾಬ್ ಅಥವಾ ರಿಟುಕ್ಸಿಮಾಬ್ ಎಂಬ ಔಷಧಗಳು. ಈ ಕಾಯಿಲೆಗೆಂದೇ ಅಮೆರಿಕದಲ್ಲಿ 2020ರ ಜನವರಿಯಲ್ಲಿ ಒಪ್ಪಿಗೆ ಪಡೆದ ಟೆಪ್ರೊಟುಮುಮಾಬ್ ಗುಡ್ಡೆಯನ್ನು ಹಿಂದಕ್ಕೆ ತರುವುದರಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಆದರೆ ಅದರ ಬೆಲೆ ನಮ್ಮ ಸಾಮಾನ್ಯ ಕುಟುಂಬಗಳಿಗೆ ನಿಲುಕುವಂಥದ್ದಲ್ಲ, ಕಿವಿ ಮಂದವಾಗುವ, ಸಕ್ಕರೆ ಏರುವ ಅಪಾಯವೂ ಉಂಟು. ಅದು ಸಿಗಲಿಲ್ಲವೆಂದು ಕೊರಗುತ್ತಾ ಕೈಯಲ್ಲಿರುವ ಚಿಕಿತ್ಸೆಯನ್ನು ತಡಮಾಡುವುದು ಬೇಡ.

ಇನ್ನು ಸಿಗರೇಟಿನ ಮಾತು. ಸಂಬಂಧ ಇದೆ, ಅದೂ ಗಟ್ಟಿಯಾಗಿಯೇ ಇದೆ. ಗ್ರೇವ್ಸ್ ಕಾಯಿಲೆ ಇದ್ದವರಲ್ಲಿ ಕಣ್ಣಿನ ತೊಂದರೆ ಬರಲು, ಬಂದದ್ದು ಬಿಗಡಾಯಿಸಲು, ಸ್ಟೀರಾಯ್ಡ್ ಮತ್ತು ವಿಕಿರಣ ಸರಿಯಾಗಿ ಕೆಲಸ ಮಾಡದಿರಲು ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ತಂಬಾಕಿನ ಹೊಗೆಯೇ ಮೊದಲನೆಯದು. ಸೇದುವವರಿಗೆ ಹಾನಿ ಹೆಚ್ಚು ನಿಜ, ಆದರೆ ಪಕ್ಕದಲ್ಲಿ ಕುಳಿತು ಆ ಹೊಗೆ ಕುಡಿಯುವವರೂ ಅದರಿಂದ ದೂರವಿರಬೇಕು. ನಿಮ್ಮ ಯಜಮಾನರು ಈ ಉತ್ತರವನ್ನು ಓದಬೇಕೆಂದು ನನ್ನ ಬಯಕೆ. ಔಷಧಕ್ಕೆ ಹಣ ಹೊಂದಿಸುವುದು, ಆಸ್ಪತ್ರೆಗೆ ಕರೆದೊಯ್ಯುವುದು ಎಷ್ಟು ಮುಖ್ಯವೋ ಮನೆಯೊಳಗೆ, ಜೀಪಿನೊಳಗೆ ಸಿಗರೇಟು ಹಚ್ಚದಿರುವುದೂ ಅಷ್ಟೇ ಮುಖ್ಯ. ಬಿಟ್ಟೇಬಿಟ್ಟರೆ ಇಬ್ಬರಿಗೂ ಒಳ್ಳೆಯದು. ಸೌದೆ ಒಲೆಯ ಹೊಗೆಯ ವಿಷಯ ಬೇರೆ. ಅದು ಒಣಗಿದ ಕಣ್ಣನ್ನು ಕೆರಳಿಸುತ್ತದೆ, ಆದ್ದರಿಂದ ನೀರು ಕಾಯಿಸುವ ಒಲೆಗೆ ಊದುವ ಕೆಲಸವನ್ನು ಸದ್ಯ ಬೇರೆಯವರಿಗೆ ಬಿಡಿ.

ರೇಡಿಯೋ ಅಯೋಡಿನ್ ಸಲಹೆಯನ್ನು ಸದ್ಯಕ್ಕೆ ಒಪ್ಪಬೇಡಿ. ವಿಕಿರಣ ಸೂಸುವ ಅಯೋಡಿನ್ ನುಂಗಿಸಿ ಗ್ರಂಥಿಯನ್ನು ನಾಶಮಾಡುವ ಅದು ಥೈರಾಯ್ಡ್‌ಗೆ ಒಳ್ಳೆಯ ಚಿಕಿತ್ಸೆಯೇ, ಆದರೆ ಗ್ರಂಥಿ ನಾಶವಾಗುವಾಗ ಪ್ರತಿಕಾಯಗಳು ಏರುವುದರಿಂದ ಸಕ್ರಿಯವಾಗಿರುವ ಕಣ್ಣು ಇನ್ನಷ್ಟು ಕೆರಳುವ ಅಪಾಯವಿದೆ. ನಿಮ್ಮ ವರದಿ ಮಾತ್ರೆಯಲ್ಲಿಯೇ ಹಿಡಿತದಲ್ಲಿರುವಾಗ ಅದಕ್ಕೆ ಅವಸರವೂ ಇಲ್ಲ. ಅಯೋಡಿನ್ ಉಪ್ಪು ಬಿಡುವ ಅಗತ್ಯವಿಲ್ಲ. ಗಳಗಂಡವನ್ನು ಕಂಡ ಹಿರಿಯರಿಗೆ ಗಂಟಲಿನ ಊತವೆಂದರೆ ಅಯೋಡಿನ್ನಿನ ಮಾತು ನೆನಪಾಗುವುದು ಸಹಜ, ಆದರೆ ನಿಮ್ಮದು ಅದರ ಕೊರತೆಯಿಂದ ಬಂದದ್ದಲ್ಲ, ಅಡುಗೆಯ ಉಪ್ಪನ್ನು ಬಿಟ್ಟರೆ ಹೋಗುವಂಥದ್ದೂ ಅಲ್ಲ. ಅಯೋಡಿನ್ ತುಂಬಿದ ಟಾನಿಕ್ಕು, ಸಮುದ್ರಪಾಚಿಯ ಮಾತ್ರೆ ಮಾತ್ರ ಬೇಡ. ಸಿ.ಟಿ. ಸ್ಕ್ಯಾನ್‌ಗೆ ಕಳುಹಿಸಿದರೆ, ಬಣ್ಣದ ಇಂಜೆಕ್ಷನ್ ಕೊಡುವ ಮೊದಲೇ ನಿಮಗೆ ಥೈರಾಯ್ಡ್ ಇದೆಯೆಂದು ಹೇಳಿ, ಅದರಲ್ಲಿಯೂ ಅಯೋಡಿನ್ ಇರುತ್ತದೆ. ಸೆಲೆನಿಯಂ ಮಾತ್ರೆಯ ಬಗ್ಗೆ ನೀವು ಕೇಳಿರಬಹುದು. ದಿನಕ್ಕೆರಡು ಸಲ 100 ಮೈಕ್ರೋಗ್ರಾಂನಂತೆ ಆರು ತಿಂಗಳು ಕೊಟ್ಟಾಗ ಅನುಕೂಲ ಕಂಡದ್ದು ಸೌಮ್ಯ ಹಂತದವರಲ್ಲಿ, ಅದೂ ಯುರೋಪಿನಲ್ಲಿ. ನಿಮ್ಮ ಹಂತಕ್ಕೆ ಅದೊಂದೇ ಸಾಲದು.

ದಿನನಿತ್ಯದ ಆರೈಕೆಯನ್ನು ಚಿಕ್ಕದೆಂದು ಎಣಿಸಬೇಡಿ. ರೆಪ್ಪೆ ಮೇಲೆ ಸರಿದು ಗುಡ್ಡೆ ಮುಂದೆ ಬಂದಾಗ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಕಣ್ಣೀರು ಆರಿಹೋಗುತ್ತದೆ, ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುವ ಭಯವಿರುತ್ತದೆ. ಹಗಲಿನಲ್ಲಿ ಸಂರಕ್ಷಕ ರಾಸಾಯನಿಕವಿಲ್ಲದ ಕೃತಕ ಕಣ್ಣೀರನ್ನು ಉರಿ ಬರುವವರೆಗೆ ಕಾಯದೆ ಗಂಟೆ ಎರಡು ಗಂಟೆಗೊಮ್ಮೆ ಹಾಕಿಕೊಳ್ಳಿ, ಮಲಗುವಾಗ ದಪ್ಪನೆಯ ಜೆಲ್ ಹಚ್ಚಿಕೊಳ್ಳಿ. ನಿದ್ದೆಯಲ್ಲಿ ಕಣ್ಣು ಅರೆತೆರೆದಿರುತ್ತದೆಯೇ ಎಂದು ಮಗಳು ಟಾರ್ಚ್ ಹಿಡಿದು ನೋಡಲಿ. ತೆರೆದಿದ್ದರೆ ಚರ್ಮಕ್ಕೆ ಹಚ್ಚುವ ಮೃದುವಾದ ಪೇಪರ್ ಟೇಪಿನಿಂದ ರೆಪ್ಪೆಯನ್ನು ಮುಚ್ಚುವುದನ್ನು ಆಸ್ಪತ್ರೆಯಲ್ಲಿ ಕಲಿತುಕೊಳ್ಳಿ. ತಲೆಯ ಕಡೆ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ಬೆಳಗಿನ ಊತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಕೊಡಗಿನ ತೇವದ ಗಾಳಿ ಕಣ್ಣಿಗೆ ಅಷ್ಟಾಗಿ ತೊಂದರೆ ಕೊಡದು; ಕಷ್ಟ ಶುರುವಾಗುವುದು ಡಿಸೆಂಬರಿನ ಒಣಗಾಳಿಯಿಂದ, ಕಾಫಿ ಒಣಗಿಸುವ ಕಣದ ಧೂಳಿನಿಂದ. ಆ ದಿನಗಳಲ್ಲಿ ಪಕ್ಕವನ್ನೂ ಮುಚ್ಚುವ ಕನ್ನಡಕವಿಲ್ಲದೆ ಕಣಕ್ಕೆ ಇಳಿಯಬೇಡಿ. ನಂದಿಬಟ್ಟಲಿನ ರಸ, ಜೇನು, ಎದೆಹಾಲು ಇವುಗಳನ್ನು ಪ್ರೀತಿಯಿಂದಲೇ ಸೂಚಿಸುವವರಿರುತ್ತಾರೆ, ಆದರೆ ಸರಿಯಾಗಿ ಮುಚ್ಚದ ಕಣ್ಣಿಗೆ ಅವು ಸೋಂಕು ತರಬಲ್ಲವು. ಮೆಡಿಕಲ್ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಹನಿಯೂ ಬೇಡ. ಅದು ಗುಡ್ಡೆಯ ಹಿಂದಿನ ಉರಿಯೂತವನ್ನು ಮುಟ್ಟುವುದೇ ಇಲ್ಲ, ಬಹುಕಾಲ ಬಳಸಿದರೆ ಕಣ್ಣಿನೊಳಗಿನ ಒತ್ತಡವನ್ನೂ ಪೊರೆಯನ್ನೂ ತರುತ್ತದೆ.

ಎರಡಾಗಿ ಕಾಣುವುದು ನಿಲ್ಲುವವರೆಗೆ ವಾಹನ ನಡೆಸಬೇಡಿ, ಏಣಿ ಹತ್ತಬೇಡಿ. ನಮ್ಮ ದಾರಿಗಳ ತಿರುವು, ಬೆಳಗಿನ ಮಂಜು, ಮುಸ್ಸಂಜೆಯಲ್ಲಿ ತೋಟದ ಅಂಚಿಗೆ ಬರುವ ಆನೆ ಇವೆಲ್ಲದರ ನಡುವೆ ದೂರದ ಅಂದಾಜು ತಪ್ಪಿದರೆ ಆಗುವ ಅನಾಹುತ ನಿಮಗೇ ಗೊತ್ತು. ಕನ್ನಡಕದ ಗಾಜಿನ ಮೇಲೆ ಅಂಟಿಸುವ ತೆಳುವಾದ ಪ್ರಿಸಂ ಹಾಳೆಯಿಂದ ನೇರ ನೋಟದಲ್ಲಿ ಎರಡನ್ನೂ ಒಂದು ಮಾಡಬಹುದು. ಅಳತೆ ಬದಲಾಗುತ್ತಿರುವಾಗ ದುಬಾರಿ ಪ್ರಿಸಂ ಗಾಜು ಮಾಡಿಸದೆ ಈ ಹಾಳೆಯನ್ನೇ ಕೇಳಿ. ಅದಾಗದಿದ್ದರೆ ಒಂದು ಕಣ್ಣನ್ನು ಮುಚ್ಚಿಕೊಂಡು ಮನೆಗೆಲಸ ಮಾಡಬಹುದು, ಆದರೆ ಒಂಟಿ ಕಣ್ಣಿನ ನೋಟಕ್ಕೆ ಒಗ್ಗಲು ವಾರಗಳು ಬೇಕು, ಮೆಟ್ಟಿಲ ಮೇಲೆ ಎಚ್ಚರ.

ಇಷ್ಟರ ನಡುವೆ ಒಂದು ಅಪಾಯದ ಗುರುತನ್ನು ಮನೆಯವರೆಲ್ಲರೂ ತಿಳಿದಿರಬೇಕು. ಊದಿದ ಸ್ನಾಯುಗಳು ಗೂಡಿನ ತುದಿಯಲ್ಲಿ ದೃಷ್ಟಿನರವನ್ನು ಅದುಮಿದರೆ ಕುರುಡುತನ ಬರಬಹುದು. ಇದು ಆಗುವುದು ಈ ಕಣ್ಣಿನ ಕಾಯಿಲೆಯವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಗೆ ಮಾತ್ರ, ಮತ್ತು ಗುಡ್ಡೆ ಹೆಚ್ಚು ಮುಂದೆ ಬಾರದವರಲ್ಲಿಯೂ ಆಗಬಹುದು. ಮೊದಲು ಮಾಸುವುದು ಬಣ್ಣ. ವಾರಕ್ಕೆರಡು ಸಲ ಒಂದೊಂದೇ ಕಣ್ಣು ಮುಚ್ಚಿ ಒಂದು ಹಣ್ಣಾದ ಕಾಫಿಯನ್ನೋ ಕೆಂಪು ಬಟ್ಟೆಯನ್ನೋ ನೋಡಿ. ಒಂದು ಕಣ್ಣಿಗೆ ಕೆಂಪು ಬಣ್ಣ ಇಟ್ಟಿಗೆಯಂತೆ ಮಂಕಾಗಿ ಕಂಡರೆ, ನೋಟ ಮಬ್ಬಾಗಿ ರೆಪ್ಪೆ ಬಡಿದರೂ ತಿಳಿಯಾಗದಿದ್ದರೆ, ಅಥವಾ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆಯೂ ವಿಪರೀತ ನೋವೂ ಬಂದರೆ, ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎನ್ನದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೊರಡಿ. ಆಗ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು, ಒಂದೆರಡು ವಾರದಲ್ಲಿ ನೋಟ ಮರಳದಿದ್ದರೆ ಗೂಡಿನ ಮೂಳೆಯನ್ನು ತೆಗೆದು ನರಕ್ಕೆ ಜಾಗ ಮಾಡಿಕೊಡುತ್ತಾರೆ. ಉರಿಯೂತ ಇರುವಾಗಲೇ ಶಸ್ತ್ರಚಿಕಿತ್ಸೆ ಮಾಡಬೇಕಾದ ಸಂದರ್ಭ ಇದು.

ಉಳಿದಂತೆ ಶಸ್ತ್ರಚಿಕಿತ್ಸೆ ಕಾಯಬೇಕು. ಉರಿ ಆರಿ, ಅಳತೆಗಳು ಕನಿಷ್ಠ ಆರು ತಿಂಗಳು ಬದಲಾಗದೆ ನಿಂತ ಮೇಲೆ, ಅಗತ್ಯವಿದ್ದರೆ ಮೊದಲು ಗೂಡಿನ ಮೂಳೆ ಅಥವಾ ಕೊಬ್ಬನ್ನು ತೆಗೆದು ಗುಡ್ಡೆಯನ್ನು ಹಿಂದಕ್ಕೆ ಕೂರಿಸುವುದು, ಆಮೇಲೆ ಎರಡಾಗಿ ಕಾಣುವುದಕ್ಕೆ ಸ್ನಾಯುವಿನ ಆಪರೇಷನ್, ಕಡೆಗೆ ರೆಪ್ಪೆ. ಈ ಅನುಕ್ರಮ ತಪ್ಪಬಾರದು, ಏಕೆಂದರೆ ಗುಡ್ಡೆಯ ಜಾಗ ಬದಲಾದರೆ ಸ್ನಾಯುವಿನ ಲೆಕ್ಕ ಬದಲಾಗುತ್ತದೆ, ಸ್ನಾಯು ಸರಿದರೆ ರೆಪ್ಪೆಯ ಮಟ್ಟ ಬದಲಾಗುತ್ತದೆ. ಎಲ್ಲರಿಗೂ ಮೂರೂ ಬೇಕಾಗುವುದಿಲ್ಲ. ಉರಿಯೂತದ ನಡುವೆ ಮುಖ ಚೆಂದವಾಗಲೆಂದು ರೆಪ್ಪೆಗೆ ಕತ್ತರಿ ಹಾಕಿಸಿಕೊಂಡರೆ ಮತ್ತೆ ಮತ್ತೆ ಆಪರೇಷನ್ ಮಾಡಿಸಿಕೊಳ್ಳುವ ಪಾಡು ಬರುತ್ತದೆ.

ಆದ್ದರಿಂದ ನಿಮ್ಮ ಕಡೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಏಪ್ರಿಲ್‌ನೊಳಗೆ ಮುಖ ಪೂರ್ತಿಯಾಗಿ ಮೊದಲಿನಂತಾಗುವುದಿಲ್ಲ, ಆ ದಿನಾಂಕಕ್ಕಾಗಿ ಯಾರಾದರೂ ಆಪರೇಷನ್ ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ. ಈ ಮಾತು ಬರೆಯುವುದು ನನಗೂ ಸುಲಭವಲ್ಲ. ಕನ್ನಡಿಯಲ್ಲಿ ತನ್ನದಲ್ಲದ ಮುಖ ಕಾಣುವುದು, ಸುಮ್ಮನೆ ನೋಡಿದರೂ ಸಿಟ್ಟಿನಿಂದ ನೋಡಿದಂತೆ ಜನಕ್ಕೆ ತೋರುವುದು ಅಂದಚೆಂದದ ಚಪಲವಲ್ಲ, ಅದು ಕಾಯಿಲೆಯ ನೋವಿನದೇ ಒಂದು ಭಾಗ. ನಿದ್ದೆ ಬಾರದಷ್ಟು, ಜನರ ಮುಂದೆ ಹೋಗಲಾರದಷ್ಟು ಮನಸ್ಸು ಕುಗ್ಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ. ಈ ತಿಂಗಳೇ ತಜ್ಞರನ್ನು ಕಂಡು ನವೆಂಬರಿನಲ್ಲಿ ಡ್ರಿಪ್ ಆರಂಭವಾದರೆ ಫೆಬ್ರವರಿಗೆ ಹನ್ನೆರಡು ವಾರ ಮುಗಿಯುತ್ತದೆ, ಔಷಧ ಒಗ್ಗಿದವರಲ್ಲಿ ಕಾಫಿ ಅರಳಿಸುವ ಹೂಮಳೆಯ ಹೊತ್ತಿಗೆ ಕೆಂಪು, ನೋವು, ಊತ ಬಹುಮಟ್ಟಿಗೆ ಇಳಿದಿರುತ್ತವೆ. ಮದುವೆಯ ದಿನ ವಿಡಿಯೋದ ಬೆಳಕು ಕಣ್ಣಿಗೆ ಚುಚ್ಚುತ್ತದೆ, ತಿಳಿಬಣ್ಣದ ಕನ್ನಡಕ ಹಾಕಿಕೊಳ್ಳಲು ಸಂಕೋಚಪಡಬೇಡಿ, ಹನಿಯ ಬಾಟಲಿ ಮಗಳ ಗೆಳತಿಯೊಬ್ಬರ ಕೈಯಲ್ಲಿರಲಿ.

ತಜ್ಞರ ಬಳಿ ಹೋಗುವಾಗ ಥೈರಾಯ್ಡ್ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ಜೊತೆಗೆ ಎರಡು ವರ್ಷದ ಹಿಂದಿನ ಒಂದು ಫೋಟೋ, ಇಂದಿನಿಂದ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಬೆಳಗಿನ ಹೊತ್ತು ತೆಗೆದ ಫೋಟೋಗಳು ಇರಲಿ. ನಿಮ್ಮ ಹಳೆಯ ಮುಖವನ್ನು ನೋಡಿರದ ವೈದ್ಯರಿಗೆ ರೆಪ್ಪೆ ಎಷ್ಟು ಸರಿದಿದೆ, ಗುಡ್ಡೆ ಎಷ್ಟು ಬಂದಿದೆ, ಚಿಕಿತ್ಸೆಯಿಂದ ಎಷ್ಟು ಇಳಿಯಿತು ಎಂಬುದನ್ನು ಆ ಫೋಟೋಗಳು ತೋರಿಸುತ್ತವೆ.